ಗೆಣ್ಣು ಹಿಡಿದು ಎಲೆ ಎಣಿಸಿ: ಕಡ್ಡಿಯ ಮೇಲಿನ ಎಲೆಜೋಡಣೆ ಗುರುತಿಸಲು ಸಮಗ್ರ ಮಾರ್ಗದರ್ಶಿ

ಗಿಡ ಯಾವುದೆಂದು ತಿಳಿಯಬೇಕಾದಾಗ ಹೆಚ್ಚಿನವರು ಒಂದೇ ಒಂದು ಎಲೆ ಕಿತ್ತು ತರುತ್ತಾರೆ. ಆಕಾರ, ಅಂಚು, ನರ ಎಲ್ಲವೂ ಆ ಎಲೆಯಲ್ಲಿ ಸಿಗುತ್ತವೆ. ಮೊದಲು ಬೇಕಾದ ಸಂಗತಿ ಮಾತ್ರ, ಅಂದರೆ ಎಲೆ ಕಡ್ಡಿಯ ಮೇಲೆ ಹೇಗೆ ಕೂತಿತ್ತು ಎಂಬುದು, ಮರದಲ್ಲೇ ಉಳಿಯುತ್ತದೆ. ಕಡ್ಡಿ ಸಮೇತ ತಂದವರೂ ಎಡವುತ್ತಾರೆ. ಕರಿಬೇವಿನದು ಎದುರೆದುರು ಎಲೆ, ಮಾವಿನದು ಸುತ್ತು ಎಲೆ, ಪೇರಳೆಯದು ಎರಡೇ ಸಾಲು ಎಂದು ಬರೆದುಬಿಡುತ್ತಾರೆ. ಮೂರೂ ತಪ್ಪು, ಮೂರಕ್ಕೂ ಕಾರಣ ಒಂದೇ: ಕೆಲಸವನ್ನು ಎಲೆ ಎಣಿಸುವುದರಿಂದ ಶುರುಮಾಡಿರುತ್ತಾರೆ. ಸರಿಯಾದ ಕ್ರಮ ಬೇರೆ. ಮೊದಲು ಕಡ್ಡಿ ಆರಿಸಬೇಕು, ಆಮೇಲೆ ಮೊಗ್ಗು ಹುಡುಕಬೇಕು, ಮೊಗ್ಗಿನಿಂದ ಗೆಣ್ಣು, ಅಂದರೆ ಕಡ್ಡಿಯಲ್ಲಿ ಎಲೆ ಹುಟ್ಟುವ ಗಂಟು, ಗೊತ್ತಾಗಬೇಕು, ಎಣಿಕೆ ಅದರ ನಂತರ.

ಇಲ್ಲಿ ಹೇಳಿರುವ ಗಿಡಗಳೆಲ್ಲ ಕಾಸರಗೋಡಿನ ತೋಟ, ಗುಡ್ಡ, ಗದ್ದೆ, ಕಡಲತೀರದಲ್ಲಿ ಸುಲಭವಾಗಿ ಸಿಗುವಂಥವು. ಪ್ರತಿ ಹಂತವನ್ನೂ ಓದಿ, ಹೊರಗೆ ಹೋಗಿ ಹೆಸರಿಸಿದ ಗಿಡದ ಮೇಲೆ ಪರೀಕ್ಷಿಸಿ, ಆಮೇಲೆ ಮುಂದಿನ ಹಂತಕ್ಕೆ ಬನ್ನಿ.

## ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, ಹೊಸ ಬ್ಲೇಡು, ಮಿಲಿಮೀಟರ್ ಗೆರೆಯಿರುವ ಸ್ಕೇಲು, ಕೋನಮಾಪಕ, ಮಾರ್ಕರ್ ಪೆನ್ನು, ಒಂದು ಮೀಟರ್ ಉದ್ದದ ಹೊಲಿಗೆ ನೂಲು, ಕೆಲವು ಗುಂಡುಸೂಜಿ. ನೂಲು ಕೆಂಪು ಬಣ್ಣದ್ದಾದರೆ ಒಳ್ಳೆಯದು, ಹಸಿರು ಕಡ್ಡಿಯ ಮೇಲೆ ಎದ್ದು ಕಾಣುತ್ತದೆ.

ಕೈಗವಸು ಬೇಕೇ ಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಗೇರು, ಮಾವಿನ ಸೊನೆ ಕೆಲವರ ಚರ್ಮ ಸುಡುತ್ತದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಚೇರೆ ಮರದ ಹತ್ತಿರ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳಬಹುದು. ಕೊಂಬೆಯ ತುದಿಯಲ್ಲಿ ಉದ್ದನೆಯ ಎಲೆಗಳು ಗುಂಪಾಗಿದ್ದು, ಎಲೆಯ ತೊಟ್ಟಿನ ಮೇಲೆ ಮುಳ್ಳಿನಂಥ ಎರಡು ಪುಟ್ಟ ಚಾಚುಗಳು ಕಂಡರೆ ಕತ್ತರಿಸಲು ಹೋಗಬೇಡಿ. ಚಾಚುಗಳು ಉದುರಿಹೋಗಿರುವುದೂ ಉಂಟು. ಹಾಗಾಗಿ ಗುರುತಿಲ್ಲದ ಕಾಡುಮರವನ್ನು ಬರಿಗೈಯಲ್ಲಿ ಮುಟ್ಟದಿರುವುದೇ ಕ್ಷೇಮ.

## ಹಂತ 1: ಕಡ್ಡಿಯನ್ನು ಆರಿಸುವುದು

ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುತ್ತದೆ. ಕೈಗೆಟಕುವ ಕೊಂಬೆ ಸಾಮಾನ್ಯವಾಗಿ ಅಡ್ಡಕ್ಕೆ ಬೆಳೆದದ್ದು, ಒಂದು ಬದಿಯಿಂದ ಮಾತ್ರ ಬೆಳಕು ಕಂಡದ್ದು. ಅಂಥ ಕೊಂಬೆಯಲ್ಲಿ ಎಲೆಗಳು ತೊಟ್ಟನ್ನು ತಿರುಚಿಕೊಂಡು ಬೆಳಕಿನತ್ತ ಮುಖ ಮಾಡುತ್ತವೆ. ನೋಡುವವರಿಗೆ ಎಲ್ಲ ಎಲೆಗಳೂ ಒಂದೇ ಸಮತಲದಲ್ಲಿ, ಎರಡು ಸಾಲಾಗಿ ಕಾಣುತ್ತವೆ. ಎಲೆ ತಿರುಗಿದೆ ನಿಜ, ಆದರೆ ಅದು ಹುಟ್ಟಿದ ಜಾಗ ಬದಲಾಗಿಲ್ಲ. ನಮಗೆ ಬೇಕಾದದ್ದು ಹುಟ್ಟಿದ ಜಾಗ.

ಆದ್ದರಿಂದ ನೆಟ್ಟಗೆ ಮೇಲಕ್ಕೆ ಹೋಗುವ, ಎಲ್ಲ ಕಡೆಯಿಂದ ಬೆಳಕು ಬೀಳುವ, ಈ ವರ್ಷದ ಚಿಗುರಿನಿಂದ ಬಲಿತ ಕಡ್ಡಿ ಹುಡುಕಿ. ಅದರಲ್ಲಿ ಕನಿಷ್ಠ 10 ಎಲೆ ಇರಲಿ. ತುದಿಯ 3–4 ಎಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಲ್ಲಿ ಗೆಣ್ಣುಗಳ ನಡುವಿನ ಅಂತರ ಇನ್ನೂ ಹಿಗ್ಗಿರುವುದಿಲ್ಲ, ಬಿಡಿ ಎಲೆಗಳೂ ಜೋಡಿಯಂತೆ ಕಾಣುತ್ತವೆ.

ಎಳೆಯ ಸಸಿಯನ್ನೂ ನಂಬಬೇಡಿ. ಎಳ್ಳಿನ ಗಿಡದಲ್ಲಿ ಕೆಳಗಿನ ಎಲೆಗಳು ಎದುರೆದುರು, ಮೇಲಿನವು ಬಿಡಿಬಿಡಿ. ನೀಲಗಿರಿಯ ಸಸಿಯಲ್ಲಿ ಎಲೆ ಜೋಡಿಯಾಗಿರುತ್ತದೆ, ಬೆಳೆದ ಮರದಲ್ಲಿ ಒಂದೊಂದಾಗಿರುತ್ತದೆ. ಸಸಿಯನ್ನೇ ನೋಡಬೇಕಾದರೆ "ಸಸಿ" ಎಂದು ಟಿಪ್ಪಣಿಯಲ್ಲಿ ಬರೆದಿಡಿ.

## ಹಂತ 2: ಎಲೆ ಎಲ್ಲಿಂದ ಎಲ್ಲಿಯವರೆಗೆ? ಮೊಗ್ಗು ಹುಡುಕಿ

ಎಲೆಯ ತೊಟ್ಟು ಕಡ್ಡಿಗೆ ಸೇರುವ ಮೇಲ್ಮೂಲೆಗೆ ಕಂಕುಳು ಎನ್ನುತ್ತಾರೆ. ನಿಜವಾದ ಎಲೆಯ ಕಂಕುಳಲ್ಲಿ ಒಂದು ಮೊಗ್ಗು, ಅಥವಾ ಅದರಿಂದ ಬೆಳೆದ ಕೊಂಬೆ, ಹೂವು, ಮುಳ್ಳು ಇರುತ್ತದೆ. ಒಂದೇ ಎಲೆ ಹಲವು ಚೂರುಗಳಾಗಿ ಒಡೆದಿದ್ದರೆ ಅದು ಸಂಯುಕ್ತ ಎಲೆ, ಒಂದೊಂದು ಚೂರು ಕಿರುಎಲೆ. ಕಿರುಎಲೆಯ ಕಂಕುಳಲ್ಲಿ ಮೊಗ್ಗು ಇರುವುದಿಲ್ಲ. ಈ ಒಂದು ನಿಯಮ ಗಟ್ಟಿಯಾದರೆ ಮುಂದಿನದೆಲ್ಲ ಹಗುರ.

ಕರಿಬೇವಿನಿಂದ ಶುರುಮಾಡಿ. ಒಗ್ಗರಣೆಗೆ ಬಿಡಿಸುವ ಒಂದೊಂದು ಹಸಿರು ಚೂರಿನ ಬುಡವನ್ನೂ ಲೆನ್ಸಿನಲ್ಲಿ ನೋಡಿ, ಮೊಗ್ಗು ಕಾಣದು. ಕೆಳಗೆ ಇಳಿಯುತ್ತ ಹೋಗಿ. ಇಡೀ ಗರಿ ಮುಖ್ಯ ಕಡ್ಡಿಗೆ ಅಂಟಿಕೊಂಡ ಜಾಗದಲ್ಲಿ ಮೊಗ್ಗು ಸಿಗುತ್ತದೆ. ಹಾಗಾದರೆ ಆ ಇಡೀ ಗರಿಯೇ ಒಂದು ಎಲೆ. ಅಂಥ ಎಲೆಗಳು ಕಡ್ಡಿಯ ಮೇಲೆ ಒಂದೊಂದಾಗಿ ಸುತ್ತುತ್ತ ಏರುತ್ತವೆ. ನುಗ್ಗೆ, ಹುಣಸೆ, ಬಿಂಬುಳಿ, ಗೊಬ್ಬರದ ಗಿಡ ಇವಕ್ಕೂ ಇದೇ ಪರೀಕ್ಷೆ.

ಇನ್ನು ಕಿರುನೆಲ್ಲಿಯನ್ನು ತೆಗೆದುಕೊಳ್ಳಿ. ನೋಡಲು ಹುಣಸೆ ಎಲೆಯ ಹಾಗೆಯೇ ಇದೆ. ಆದರೆ ಅಡಿಭಾಗ ತಿರುಗಿಸಿದರೆ ಪ್ರತಿ ಪುಟ್ಟ ಎಲೆಯ ಬುಡದಲ್ಲೂ ಹೂವು ಅಥವಾ ಕಾಯಿ ಜೋತಾಡುತ್ತಿರುತ್ತದೆ. ಕಿರುಎಲೆಯ ಕಂಕುಳಲ್ಲಿ ಹೂವು ಬರುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ಚೂರೂ ಪೂರ್ಣ ಎಲೆ, ಗರಿಯಂತೆ ಕಂಡದ್ದು ಒಂದು ಚಿಕ್ಕ ರೆಂಬೆ. ಬೆಟ್ಟದ ನೆಲ್ಲಿಯದೂ ಹೀಗೆಯೇ. ಅದರ ರೆಂಬೆಗಳು ಎಲೆಗಳ ಸಮೇತ ಉದುರುವುದರಿಂದ ಅದನ್ನು ಸಂಯುಕ್ತ ಎಲೆ ಎಂದುಕೊಳ್ಳುವವರೇ ಹೆಚ್ಚು.

ಇನ್ನೂ ಎರಡು ಗಿಡಗಳು ಮೋಸ ಮಾಡುತ್ತವೆ. ರಸ್ತೆಬದಿಯಲ್ಲಿ ನೆಟ್ಟಿರುವ ಅಕೇಶಿಯಾದ ಕುಡುಗೋಲಿನಾಕಾರದ "ಎಲೆ" ವಾಸ್ತವದಲ್ಲಿ ಚಪ್ಪಟೆಯಾದ ತೊಟ್ಟು. ಮೊಳಕೆಯೊಡೆದ ಸಸಿಯಲ್ಲಿ ಮೊದಲು ಬರುವುದು ಗರಿಯಂಥ ಎಲೆ. ಜೋಡಣೆ ನೋಡುವಾಗ ಆ ಚಪ್ಪಟೆ ತೊಟ್ಟನ್ನೇ ಎಲೆಯೆಂದು ಎಣಿಸಬೇಕು, ಮೊಗ್ಗು ಅದರ ಕಂಕುಳಲ್ಲೇ ಇದೆ. ಕಡಲತೀರದ ಗಾಳಿಮರದ್ದು ಇನ್ನೂ ವಿಚಿತ್ರ. ಸೂಜಿಯಂತೆ ಕಾಣುವ ಹಸಿರು ಎಳೆಯೇ ರೆಂಬೆ. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಕಳಚಿದ ಜಾಗವನ್ನು ಲೆನ್ಸಿನಲ್ಲಿ ನೋಡಿದರೆ 6–8 ಚಿಕ್ಕ ಹಲ್ಲುಗಳು ಸುತ್ತುಗಟ್ಟಿರುವುದು ಕಾಣುತ್ತದೆ. ಎಲೆಗಳು ಅವೇ.

ಹಲಸಿನಲ್ಲಿ ಮೊಗ್ಗು ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ತುದಿಮೊಗ್ಗನ್ನು ಮುಚ್ಚಿದ್ದ ಹೊದಿಕೆ ಉದುರಿ, ಕಡ್ಡಿಯ ಸುತ್ತ ಉಂಗುರದಂಥ ಗೆರೆ ಬಿಟ್ಟಿರುತ್ತದೆ. ಒಂದು ಉಂಗುರ, ಒಂದು ಗೆಣ್ಣು.

## ಹಂತ 3: ಒಂದು ಗೆಣ್ಣಿಗೆ ಎಷ್ಟು ಎಲೆ?

ಒಂದಾದರೆ ಪರ್ಯಾಯ ಜೋಡಣೆ, ಎರಡಾದರೆ ಅಭಿಮುಖ, ಮೂರು ಅಥವಾ ಹೆಚ್ಚಾದರೆ ಸುತ್ತು ಜೋಡಣೆ. ದಾಸವಾಳ, ತುಳಸಿ, ಕಣಗಿಲೆ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಣ್ಣು ಪಳಗುತ್ತದೆ. ಕಣಗಿಲೆಯ ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ.

ಅನುಮಾನ ಬಂದರೆ ಅಳೆಯಿರಿ. ಎರಡು ತೊಟ್ಟುಗಳ ಬುಡ ಕಡ್ಡಿಯ ಮೇಲೆ ಒಂದೇ ಎತ್ತರದಲ್ಲಿವೆಯೇ? ಒಂದೇ ಕಡ್ಡಿಯ ಐದಾರು ಗೆಣ್ಣುಗಳಲ್ಲಿ ಇದನ್ನು ನೋಡಬೇಕು. ಮತ್ತಿ ಮರದಲ್ಲಿ ಕೆಲವು ಜೋಡಿ ಸರಿಯಾಗಿ ಎದುರೆದುರು, ಕೆಲವು ತುಸು ಮೇಲೆ ಕೆಳಗೆ. ಅಂಥಲ್ಲಿ "ಬಹುತೇಕ ಅಭಿಮುಖ" ಎಂದೇ ಬರೆಯಿರಿ, ಬಲವಂತವಾಗಿ ಒಂದು ಗುಂಪಿಗೆ ತಳ್ಳಬೇಡಿ. ಉಮ್ಮತ್ತದ ಮೇಲ್ಭಾಗದಲ್ಲಿ ಒಂದು ದೊಡ್ಡ ಎಲೆ, ಪಕ್ಕದಲ್ಲೇ ಒಂದು ಚಿಕ್ಕ ಎಲೆ ಜೋಡಿಯಂತೆ ಇರುತ್ತವೆ. ಗಾತ್ರದ ಈ ವ್ಯತ್ಯಾಸವೇ ಎಚ್ಚರಿಕೆಯ ಗುರುತು. ಅದು ನಿಜವಾದ ಅಭಿಮುಖ ಜೋಡಿಯಲ್ಲ, ಹಾಗಾಗಿ ಗಿಡದ ಕೆಳಭಾಗದ ಬಿಡಿ ಎಲೆಗಳನ್ನು ನೋಡಿ ನಿರ್ಧರಿಸಿ.

## ಹಂತ 4: ನಿಜವಾದ ಸುತ್ತೋ, ತುದಿಯ ಗುಂಪೋ?

ಮಾವು, ದೇವಕಣಗಿಲೆ, ಬಾದಾಮಿ ಮರ, ಚೇರೆ. ಇವೆಲ್ಲದರಲ್ಲೂ ಕೊಂಬೆಯ ತುದಿಯಲ್ಲಿ ಎಲೆಗಳು ಚಕ್ರದಂತೆ ಹರಡಿರುತ್ತವೆ, ಯಾವುದರದೂ ಸುತ್ತು ಜೋಡಣೆಯಲ್ಲ. ಬೆಳವಣಿಗೆ ನಿಧಾನವಾದಾಗ ಗೆಣ್ಣುಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್‌ಗೆ ಇಳಿಯುವುದರಿಂದ ಹಾಗೆ ಕಾಣುತ್ತದೆ.

ಪರೀಕ್ಷೆ ಸುಲಭ. ಗುಂಪಿನ ಎಲೆಗಳನ್ನು ಕೆಳಗಿನಿಂದ ಒಂದೊಂದಾಗಿ ಬುಡಕ್ಕೇ ಕತ್ತರಿಸಿ, ಉಳಿದ ಗಾಯದ ಗುರುತಿಗೆ ಮಾರ್ಕರಿನಿಂದ 1, 2, 3 ಎಂದು ಬರೆಯುತ್ತ ಹೋಗಿ. ಗುರುತುಗಳು ಬೇರೆ ಬೇರೆ ಎತ್ತರದಲ್ಲಿದ್ದು ಮೆಟ್ಟಿಲಿನಂತೆ ಏರಿದರೆ ಅದು ತುದಿಯ ಗುಂಪು. ಎಲ್ಲ ಗುರುತುಗಳೂ ಕಡ್ಡಿಗೆ ಉಂಗುರ ತೊಡಿಸಿದಂತೆ ಒಂದೇ ಮಟ್ಟದಲ್ಲಿದ್ದು, ಅದರ ಕೆಳಗೆ ಬೋಳು ಕಡ್ಡಿ, ಮತ್ತೆ ಇನ್ನೊಂದು ಉಂಗುರ ಬಂದರೆ ಮಾತ್ರ ಸುತ್ತು.

ಈ ಪರೀಕ್ಷೆಯನ್ನು ಗಂಭೀರವಾಗಿ ಕಲಿಯಲು ನಮ್ಮ ಊರಲ್ಲಿ ಬಲವಾದ ಕಾರಣವಿದೆ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿ ತುಳುನಾಡಿನಲ್ಲಿದೆ, ತೊಗಟೆ ತರುವುದು ಬೆಳಕು ಹರಿಯುವ ಮುನ್ನ. ಹತ್ತಿರದಲ್ಲೇ ಕಾಸರಕನ ಮರವೂ ಇರಬಹುದು. ಕಾಸರಕನ ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನಿನ್ ಎಂಬ ಕಡುವಿಷವಿದೆ. ಕತ್ತಲಲ್ಲಿ ಕಾಂಡ ತಡವಿ ಮರ ಗುರುತಿಸುವುದು ಪ್ರಾಣದ ಜೊತೆ ಆಡಿದಂತೆ.

ಹಗಲಿನಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ಹಾಲೆಯ ಪ್ರತಿ ಗೆಣ್ಣಿನಲ್ಲಿ ಸಾಮಾನ್ಯವಾಗಿ 4ರಿಂದ 7 ಎಲೆಗಳ ನಿಜವಾದ ಸುತ್ತು. ಎಲೆಯ ತುದಿ ಬಹುಮಟ್ಟಿಗೆ ಮೊಂಡು. ನಡುನರದಿಂದ ಒತ್ತೊತ್ತಾಗಿ, ಹೆಚ್ಚುಕಡಿಮೆ ಲಂಬವಾಗಿ ಹೊರಡುವ ಬದಿನರಗಳು. ಮುರಿದರೆ ಬಿಳಿ ಹಾಲು. ಕೊಂಬೆಗಳೂ ಅಂತಸ್ತು ಅಂತಸ್ತಾಗಿ ಸುತ್ತುಗಟ್ಟಿರುತ್ತವೆ. ಕಾಸರಕನಲ್ಲಿ ಗೆಣ್ಣಿಗೆ ಎರಡೇ ಎಲೆ, ಎದುರೆದುರು. ಎಲೆಯ ಬುಡದಿಂದಲೇ 3–5 ದಪ್ಪ ನರಗಳು ತುದಿಯತ್ತ ಬಾಗಿ ಹೋಗುತ್ತವೆ. ಹಾಲು ಇಲ್ಲ.

ಹಾಲು ಬಂದರೆ ಸಾಕು, ಅದು ಹಾಲೆಯೇ ಎನ್ನುವವರಿದ್ದಾರೆ. ಈ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಹಿನ್ನೀರು, ತೋಡುಗಳ ಅಂಚಿನಲ್ಲಿ ಬೆಳೆಯುವ, ಮಲಯಾಳದಲ್ಲಿ ಒದಳಂ ಎನ್ನುವ ಮರದಲ್ಲೂ ಬಿಳಿ ಹಾಲಿದೆ, ಅದರ ಎಲೆಗಳೂ ತುದಿಯಲ್ಲಿ ಚಕ್ರದಂತೆ ಕಾಣುತ್ತವೆ. ಗಾಯದ ಗುರುತು ನೋಡಿದರೆ ಅದು ಮೆಟ್ಟಿಲು, ಉಂಗುರವಲ್ಲ. ಅದರ ಬೀಜ ಹೃದಯವನ್ನೇ ನಿಲ್ಲಿಸುವ ವಿಷ.

ತೊಗಟೆ ತರುವ ಮನೆಯವರು ಹಿಂದಿನ ದಿನ ಹಗಲಲ್ಲೇ ಹೋಗಿ, ಆ ಮರದ್ದೇ ಕೊಂಬೆಯಲ್ಲಿ ಸುತ್ತು, ನರ, ಹಾಲು ಮೂರನ್ನೂ ನೋಡಿ, ಮರ ಬಲ್ಲ ಹಿರಿಯರಿಂದ ಖಚಿತಪಡಿಸಿಕೊಂಡು, ಕಾಂಡಕ್ಕೆ ಬಣ್ಣದ ಬಟ್ಟೆ ಕಟ್ಟಿ ಬರಲಿ. ಮೂರರಲ್ಲಿ ಒಂದು ಗುರುತು ತಪ್ಪಿದರೂ ಆ ಮರ ಬೇಡ. ಕುಡಿದವರಿಗೆ ಮೈ ಸೆಟೆದುಕೊಳ್ಳುವುದು, ಸ್ನಾಯು ಎಳೆತ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

## ಹಂತ 5: ಎದುರೆದುರು ಎಲೆಗಳ ದಿಕ್ಕು

ಅಭಿಮುಖ ಎಂದು ಗೊತ್ತಾದ ಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ: ಮೇಲಿನ ಜೋಡಿ ಕೆಳಗಿನ ಜೋಡಿಯ ನೇರಕ್ಕಿದೆಯೇ, ಅಡ್ಡಕ್ಕಿದೆಯೇ? ಕಡ್ಡಿಯನ್ನು ತುದಿಯಿಂದ ಕೆಳಕ್ಕೆ ನೇರವಾಗಿ ನೋಡಿ. ತುಳಸಿ, ಎಕ್ಕದಲ್ಲಿ ಎಲೆಗಳು ನಾಲ್ಕು ಸಾಲಾಗಿ ಕೂಡಿಕೆಯ ಚಿಹ್ನೆಯಂತೆ ಕಾಣುತ್ತವೆ, ಅಂದರೆ ಪ್ರತಿ ಜೋಡಿ ಕೆಳಗಿನದಕ್ಕೆ 90 ಡಿಗ್ರಿ ಅಡ್ಡ.

ಪೇರಳೆ, ಕೇಪುಳದ ಅಡ್ಡ ಕೊಂಬೆಯಲ್ಲಿ ಎರಡೇ ಸಾಲು ಕಂಡರೆ ನಿರ್ಧಾರಕ್ಕೆ ಆತುರ ಬೇಡ. ತೊಟ್ಟುಗಳು ತಿರುಚಿರಬಹುದು, ಗೆಣ್ಣುಗಳ ನಡುವಿನ ಕಡ್ಡಿಯೇ ತಿರುಚಿರಬಹುದು. ಪೇರಳೆಯ ಎಳೆಗಡ್ಡಿಗೆ ನಾಲ್ಕು ಏಣುಗಳಿರುತ್ತವೆ. ಒಂದು ಏಣಿನ ಮೇಲೆ ಮಾರ್ಕರ್ ಹಿಡಿದು ಮುಂದಿನ ಗೆಣ್ಣಿನವರೆಗೆ ಗೆರೆ ಎಳೆಯಿರಿ. ಗೆರೆ ಓರೆಯಾಗಿ ಸುತ್ತಿಕೊಂಡರೆ ಕಡ್ಡಿ ತಿರುಚಿದೆ ಎಂದರ್ಥ. ಮನಸ್ಸಿನಲ್ಲೇ ಆ ತಿರುಚನ್ನು ಬಿಚ್ಚಿ ನೋಡಿದರೆ ಜೋಡಿಗಳು ಮತ್ತೆ ಅಡ್ಡಡ್ಡವಾಗಿ ಕೂರುತ್ತವೆ.

ಕೇಪುಳ, ಕಾಫಿಯಲ್ಲಿ ಇನ್ನೊಂದು ಗುರುತುಂಟು. ಎರಡು ತೊಟ್ಟುಗಳ ನಡುವೆ, ಕಡ್ಡಿಯ ಮೇಲೆ, ತ್ರಿಕೋನದ ಪುಟ್ಟ ಪೊರೆ. ಅಭಿಮುಖ ಎಲೆ ಮತ್ತು ಈ ಪೊರೆ ಎರಡೂ ಸೇರಿದರೆ ಗಿಡ ಕಾಫಿಯ ಕುಟುಂಬದ್ದು ಎಂದು ಬಹುಮಟ್ಟಿಗೆ ಹೇಳಬಹುದು.

## ಹಂತ 6: ಬಿಡಿ ಎಲೆಗಳ ಸಾಲು ಮತ್ತು ನೂಲಿನ ಲೆಕ್ಕ

ಶುಂಠಿ, ಏಲಕ್ಕಿ, ಬಿದಿರು, ಭತ್ತ ಇವುಗಳಲ್ಲಿ ಎಲೆ ಎರಡೇ ಸಾಲು. ಮೂರನೆಯ ಎಲೆ ಮೊದಲನೆಯದರ ನೇರ ಮೇಲೆ ಬರುತ್ತದೆ. ಗದ್ದೆಯ ಕಳೆಯಾದ ಕೊನ್ನಾರಿಯಲ್ಲಿ ಮೂರು ಸಾಲು, ಕಾಂಡವೂ ಮೂರು ಮೂಲೆಯದು. ಹುಲ್ಲಿನ ಜಾತಿಯನ್ನೂ ಇದನ್ನೂ ಎಳೆಯದರಲ್ಲೇ ಬೇರ್ಪಡಿಸಲು ಇಷ್ಟು ಸಾಕು. ಕಳೆನಾಶಕ ಬಳಸುವವರಿಗೆ ಇದು ಕೆಲಸಕ್ಕೆ ಬರುವ ಮಾಹಿತಿ, ಏಕೆಂದರೆ ಹುಲ್ಲಿಗೆ ಮಾತ್ರ ತಾಗುವ ಔಷಧಿ ಇದನ್ನು ಕೊಲ್ಲುವುದಿಲ್ಲ.

ಉಳಿದ ಬಹುಪಾಲು ಬಿಡಿ ಎಲೆಗಳು ಸುರುಳಿಯಾಗಿ ಏರುತ್ತವೆ. ಲೆಕ್ಕಕ್ಕೆ ದಾಸವಾಳದ ನೆಟ್ಟನೆಯ ಕಡ್ಡಿ ತೆಗೆದುಕೊಳ್ಳಿ.

1. ಕೆಳಗಿನ ಒಂದು ಎಲೆಯ ಬುಡದಲ್ಲಿ ನೂಲಿನ ತುದಿಗೆ ಸೂಜಿ ಚುಚ್ಚಿ. ಆ ಎಲೆಯ ಸಂಖ್ಯೆ 0.
2. ಮುಂದಿನ ಎಲೆಗೆ ಎಡಗಡೆಯಿಂದ ಹತ್ತಿರವೋ ಬಲಗಡೆಯಿಂದಲೋ ನೋಡಿ. ಹತ್ತಿರದ ದಾರಿಯಲ್ಲೇ ನೂಲು ಹೋಗಬೇಕು.
3. ಅದೇ ದಿಕ್ಕಿನಲ್ಲಿ, ಒಂದು ಎಲೆಯನ್ನೂ ಬಿಡದೆ, ಪ್ರತಿ ಬುಡಕ್ಕೂ ನೂಲು ತಾಗಿಸುತ್ತ ಏರಿ. 1, 2, 3 ಎಂದು ಎಣಿಸಿ.
4. 0 ಎಲೆಯ ನೇರ ಮೇಲೆ ಬರುವ ಎಲೆಯಲ್ಲಿ ನಿಲ್ಲಿಸಿ. ನೂಲು ಕಡ್ಡಿಯನ್ನು ಎಷ್ಟು ಸಲ ಸುತ್ತಿತು ಎಂಬುದು ಮೇಲಿನ ಅಂಕಿ, ಎಲೆಗಳ ಸಂಖ್ಯೆ ಕೆಳಗಿನ ಅಂಕಿ.

ದಾಸವಾಳದಲ್ಲಿ ಸಾಮಾನ್ಯವಾಗಿ 2 ಸುತ್ತಿಗೆ 5 ಎಲೆ, ಅಂದರೆ 2/5. ಪಕ್ಕಪಕ್ಕದ ಎರಡು ಎಲೆಗಳ ನಡುವಿನ ಕೋನ 360ರ 2/5, ಅಂದರೆ 144 ಡಿಗ್ರಿ. ಪಪ್ಪಾಯಿಯ ಕಾಂಡದ ಗಾಯದ ಗುರುತುಗಳಲ್ಲಿ 3/8 ಸಿಗುತ್ತದೆ, 135 ಡಿಗ್ರಿ. 1/2, 1/3, 2/5, 3/8, 5/13 ಹೀಗೆ ಸರಣಿ ಸಾಗುತ್ತದೆ, ಪ್ರತಿ ಅಂಕಿಯೂ ಅದರ ಹಿಂದಿನ ಎರಡನ್ನು ಕೂಡಿಸಿದಷ್ಟು.

"ನೇರ ಮೇಲೆ" ಎಂಬುದು ಸುರುಳಿಯಲ್ಲಿ ಹೆಚ್ಚಾಗಿ ಅಂದಾಜೇ. ಐದನೆಯ ಎಲೆ ತುಸು ಆಚೀಚೆ ಇದ್ದರೆ ಗಿಡದ ತಪ್ಪಲ್ಲ, ನಿಜವಾದ ಕೋನ ಅನೇಕ ಗಿಡಗಳಲ್ಲಿ 137.5 ಡಿಗ್ರಿಯ ಹತ್ತಿರ ಇರುತ್ತದೆ. ನಿಖರವಾಗಿ ಬೇಕಿದ್ದರೆ ಕಡ್ಡಿಯನ್ನು ತುದಿಯ ಕಡೆಯಿಂದ ಫೋಟೊ ತೆಗೆದು, ಕೋನಮಾಪಕ ಇಟ್ಟು, 0ಯಿಂದ 8ನೇ ಎಲೆಯವರೆಗಿನ ಒಟ್ಟು ತಿರುವು ಅಳೆಯಿರಿ. ಮೂರು ಪೂರ್ಣ ಸುತ್ತು ಮತ್ತು 20 ಡಿಗ್ರಿ ಬಂದರೆ ಒಟ್ಟು 1100. ಅದನ್ನು 8ರಿಂದ ಭಾಗಿಸಿದರೆ 137.5. ಒಂದೇ ಜೋಡಿ ಎಲೆಯ ಕೋನ ಅಳೆದು ತೀರ್ಮಾನಿಸಬೇಡಿ, ಹತ್ತಾರು ಡಿಗ್ರಿ ವ್ಯತ್ಯಾಸ ಬರಬಹುದು.

## ಹಂತ 7: ತೆಂಗಿನ ಮಡಲು ಎಣಿಸುವುದು

ತೆಂಗಿನ ಪೋಷಕಾಂಶ ಪರೀಕ್ಷೆಗೆ 14ನೇ ಮಡಲಿನ ಗರಿ ಕೇಳುತ್ತಾರೆ. ಬಹಳ ಮಂದಿ ಕೆಳಗಿನಿಂದ ಎಣಿಸಿ ಯಾವುದೋ ಹಳೆಯ ಮಡಲು ಕಡಿದು ತರುತ್ತಾರೆ, ವರದಿ ವ್ಯರ್ಥವಾಗುತ್ತದೆ. ಎಣಿಕೆ ಮೇಲಿನಿಂದ. ಇನ್ನೂ ಬಿಚ್ಚದ ಸುಳಿಯನ್ನು ಬಿಟ್ಟು, ಗರಿಗಳೆಲ್ಲ ಬಿಡಿಸಿಕೊಂಡಿರುವ ಅತಿ ಎಳೆಯ ಮಡಲು 1.

ತೆಂಗಿನದು 2/5ರ ಹತ್ತಿರದ ಸುರುಳಿ. ಹೀಗಾಗಿ 4, 9, 14 ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಒಂದರ ಕೆಳಗೊಂದು ತುಸು ಪಕ್ಕಕ್ಕೆ ಸರಿದು ಬರುತ್ತವೆ. ಇಡೀ ಮಂಡೆ ಸುತ್ತಬೇಕಾಗಿಲ್ಲ: 4 ಸಿಕ್ಕಿದರೆ ಅದೇ ಬದಿಯಲ್ಲಿ ಇಳಿಯಿರಿ. ತಾಳೆ ನೋಡಲು ಹೊಂಬಾಳೆಯಿದೆ. ಒಡೆಯಲು ಸಿದ್ಧವಾದ ಹೊಂಬಾಳೆ 9ನೆಯದರ ಆಸುಪಾಸಿನ ಕಂಕುಳಲ್ಲಿ, ಮುಷ್ಟಿಗಾತ್ರದ ಕಾಯಿಯ ಗೊನೆ 14ರ ಕಂಕುಳಲ್ಲಿ ಇರುತ್ತದೆ.

ಕೆಲವು ಮರಗಳ ಸುರುಳಿ ಎಡಕ್ಕೆ, ಕೆಲವದು ಬಲಕ್ಕೆ, ಹೆಚ್ಚುಕಡಿಮೆ ಸಮಪಾಲು. ಇದು ತಾಯಿಮರದಿಂದ ಬರುವ ಗುಣವಲ್ಲ ಎಂದು ಸಸ್ಯವಿಜ್ಞಾನಿ ಟಿ. ಎ. ಡೇವಿಸ್ 1962ರಲ್ಲೇ ತೋರಿಸಿದ್ದಾರೆ, ಆದ್ದರಿಂದ ಬೀಜದ ಕಾಯಿ ಆರಿಸುವಾಗ ದಿಕ್ಕಿಗೆ ತಲೆಕೆಡಿಸಿಕೊಳ್ಳಬೇಡಿ. ಎಣಿಕೆಯ ನಡುವೆ ದಿಕ್ಕು ಬದಲಿಸಬಾರದು, ಅಷ್ಟೇ.

ಅಡಿಕೆಯಲ್ಲಿ ಇನ್ನೂ ಸುಲಭ. ಕಾಂಡದ ಪ್ರತಿ ಉಂಗುರವೂ ಒಂದು ಹಾಳೆ ಬಿದ್ದ ಗೆಣ್ಣು.

## ಹಂತ 8: ಕಾಳುಮೆಣಸಿನ ಬಳ್ಳಿ ಓದುವುದು

ಎಲೆಯ ಕಂಕುಳಲ್ಲೇ ಎಲ್ಲ ಹುಟ್ಟುತ್ತದೆ ಎಂದುಕೊಂಡವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಮರ ಹತ್ತುವ ಬಳ್ಳಿಯ ಗೆಣ್ಣಿನಲ್ಲಿ ಒಂದು ಎಲೆ, ಅಂಟುಬೇರು, ಕಂಕುಳಿನಿಂದ ಹೊರಡುವ ಪಕ್ಕದ ರೆಂಬೆ ಇರುತ್ತವೆ. ಆ ಪಕ್ಕದ ರೆಂಬೆಯಲ್ಲಿ ಅಂಟುಬೇರಿಲ್ಲ. ಕಾಳಿನ ತೆನೆ ಎಲೆಯ ಕಂಕುಳಲ್ಲಿ ಬಾರದೆ ಎಲೆಯ ಎದುರು ಬದಿಯಲ್ಲಿ ಬರುತ್ತದೆ. ಕಾರಣ, ರೆಂಬೆಯ ತುದಿಯೇ ತೆನೆಯಾಗಿ ಮುಗಿದು, ಕಂಕುಳ ಮೊಗ್ಗು ಅದನ್ನು ಪಕ್ಕಕ್ಕೆ ತಳ್ಳಿ ಮುಂದಕ್ಕೆ ಬೆಳೆಯುತ್ತದೆ.

ಕುಂಡದಲ್ಲಿ ಪೊದೆಮೆಣಸು ಮಾಡುವವರು ಈ ಎದುರು ತೆನೆಯಿರುವ ಪಕ್ಕದ ರೆಂಬೆಯನ್ನೇ ಕತ್ತರಿಸಬೇಕು. ನೆಲದಲ್ಲಿ ಹರಿಯುವ ಹಂಬು ನೆಟ್ಟರೆ ಅದು ಮತ್ತೆ ಬಳ್ಳಿಯೇ ಆಗುತ್ತದೆ, ಎಷ್ಟು ಚಿವುಟಿದರೂ ಪೊದೆಯಾಗದು.

## ಲೆಕ್ಕ ಕೂಡದಿದ್ದರೆ

ಉತ್ತರ 2/6 ಬಂದರೆ ಮೊದಲ ಎಲೆಯನ್ನು 0 ಎನ್ನದೆ 1 ಎಂದು ಎಣಿಸಿದ್ದೀರಿ. 3/5 ಅಥವಾ 5/8 ಬಂದರೆ ನೂಲು ದೂರದ ದಾರಿಯಲ್ಲಿ ಸುತ್ತಿದೆ, ಹಿಂದಕ್ಕೆ ಬಿಚ್ಚಿ ಇನ್ನೊಂದು ದಿಕ್ಕಿನಲ್ಲಿ ಹೋಗಿ. 2/4 ಬಂದರೆ ಉದುರಿದ ಎಲೆಯ ಗುರುತೊಂದು ತಪ್ಪಿರುತ್ತದೆ, ಲೆನ್ಸ್ ಹಿಡಿದು ಗಾಯ ಹುಡುಕಿ. ಪ್ರತಿ ಸಲವೂ ಬೇರೆ ಉತ್ತರ ಬಂದರೆ ಕಡ್ಡಿಯನ್ನೇ ಬದಲಿಸಿ. ಕೀಟ ಕೊರೆದ, ತುದಿ ಚಿವುಟಿದ, ಬಾಗಿ ಮತ್ತೆ ಎದ್ದ ಕಡ್ಡಿಗಳು ಸರಿಯಾದ ಲೆಕ್ಕ ಕೊಡುವುದಿಲ್ಲ.

ಬೇರೆಯವರಿಗೆ ತೋರಿಸಲು ಫೋಟೊ ಕಳಿಸುವಾಗ ಮೂರು ಬೇಕು: ಕನಿಷ್ಠ ನಾಲ್ಕು ಗೆಣ್ಣು ಕಾಣುವ ಕಡ್ಡಿಯ ಪಕ್ಕನೋಟ, ತುದಿಯಿಂದ ಕೆಳಗಿಳಿಯುವ ನೋಟ, ಒಂದು ಕಂಕುಳಿನ ಹತ್ತಿರದ ಚಿತ್ರ. ಪಕ್ಕದಲ್ಲಿ ಸ್ಕೇಲು ಇಡಿ, ಕೊಂಬೆ ನೆಟ್ಟಗಿತ್ತೋ ಅಡ್ಡಕ್ಕಿತ್ತೋ ಎಂದು ಬರೆಯಿರಿ. ಬಾಡಿದ ಮೇಲೆ ತೆಗೆದ ಚಿತ್ರ ಬೇಡ, ತೊಟ್ಟು ಜೋತುಬಿದ್ದರೆ ಎಲೆ ಯಾವ ಗೆಣ್ಣಿನದು ಎಂದೇ ತಿಳಿಯುವುದಿಲ್ಲ.